ಒಳಸಮುದ್ರದ ಸುನಾಮಿ ಮಾದರಿ ತಪ್ಪು ಉತ್ತರ ಕೊಟ್ಟಾಗ: ಮರ್ಮರಾ ಕಡಲಿನ ಹಳೆಯ ಭೂಕಂಪಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಲಬುರಗಿಯಲ್ಲಿ ಕುಳಿತು ತುರ್ಕಿಯ ಮರ್ಮರಾ ಸಮುದ್ರದ ಸುನಾಮಿಯನ್ನು ಲೆಕ್ಕ ಹಾಕುತ್ತೇವೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. 1993ರ ಕಿಲ್ಲಾರಿ ಭೂಕಂಪದ ನಡುಕವನ್ನು ಬೀದರ್ ಮತ್ತು ಕಲಬುರಗಿಯ ಹಿರಿಯರು ಇನ್ನೂ ಮರೆತಿಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಭೂಕಂಪವನ್ನು ಓದಲು ಬರುವ ಹುಡುಗರಿಗೆ ಇಲ್ಲಿ ಕೊರತೆಯಿಲ್ಲ. ಗಣಿತ ಮಾಡುವುದಕ್ಕೆ ಸಮುದ್ರ ಕಿಟಕಿಯ ಹೊರಗೇ ಇರಬೇಕೆಂದೂ ಇಲ್ಲ.

ಟುನಾಮಿ, ಕಾಮ್‌ಕಾಟ್, ಜಿಯೋಕ್ಲಾದಂಥ ಆಳವಿಲ್ಲದ ನೀರಿನ ಸಮೀಕರಣದ ತಂತ್ರಾಂಶಗಳನ್ನು ಓಡಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಈ ಬರಹ. ತಂತ್ರಾಂಶವನ್ನು ಅಳವಡಿಸುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಓಡಿದ ಮೇಲೆ ಬಂದ ಉತ್ತರ ಅನುಮಾನಾಸ್ಪದವಾಗಿದ್ದರೆ ಎಲ್ಲಿ ಕೈಹಾಕಬೇಕು ಎಂಬುದಷ್ಟೇ ವಿಷಯ. ತೆರೆದ ಸಾಗರದ ಮಾದರಿಯಲ್ಲಿ ಸಣ್ಣ ತಪ್ಪು ಅಲೆಯೊಂದಿಗೆ ಗಡಿ ದಾಟಿ ಹೊರಟುಹೋಗುತ್ತದೆ, ನಿಮ್ಮ ಗಮನಕ್ಕೂ ಬರುವುದಿಲ್ಲ. ಮರ್ಮರಾ ಹಾಗಲ್ಲ. ಸುಮಾರು 11,350 ಚದರ ಕಿಲೋಮೀಟರಿನ ಈ ಕಡಲಿಗೆ ಹೊರದಾರಿ ಎರಡೇ: ಈಶಾನ್ಯಕ್ಕೆ ಬಾಸ್ಫರಸ್, ನೈಋತ್ಯಕ್ಕೆ ಡಾರ್ಡನೆಲ್ಸ್. ಒಳಗೆ ಹುಟ್ಟಿದ ತಪ್ಪು ದಡಕ್ಕೆ ಬಡಿದು ತಿರುಗಿ ನಿಮ್ಮ ಬಳಿಗೇ ಬರುತ್ತದೆ, ಅದೂ ನಿಜವಾದ ಅಲೆಯ ವೇಷದಲ್ಲಿ.

ಮೊದಲು ನಿಂತ ನೀರಿನ ಪರೀಕ್ಷೆ

ಯಾವ ಲಕ್ಷಣ ಕಂಡರೂ ಮೊದಲ ಹೆಜ್ಜೆ ಇದೇ. ಭೂಕಂಪವನ್ನು ತೆಗೆದುಹಾಕಿ, ನೀರಿನ ಮಟ್ಟವನ್ನು ಎಲ್ಲೆಡೆ ಸೊನ್ನೆಗೆ ಇಟ್ಟು, ಮಾದರಿಯನ್ನು ಅದರೊಳಗಿನ ಗಡಿಯಾರದಲ್ಲಿ ಎರಡು ಗಂಟೆ ಓಡಿಸಿ. ನೀರು ಅಲುಗಬಾರದು. ಒಂದು ಸೆಂಟಿಮೀಟರಿನ ಅಲೆ ಕಂಡರೂ ಅದು ಭೂಕಂಪದ್ದಲ್ಲ, ನಿಮ್ಮ ಕಡತದ್ದು. ಅಲೆ ಎಲ್ಲಿ ಹುಟ್ಟುತ್ತದೋ ಅಲ್ಲಿನ ಆಳದ ನಕ್ಷೆಯನ್ನು ದೊಡ್ಡದು ಮಾಡಿ ನೋಡಿ. ಬಹುತೇಕ ಸಲ ಸಮುದ್ರತಳದ ದತ್ತಾಂಶವನ್ನೂ ನೆಲದ ಎತ್ತರದ ದತ್ತಾಂಶವನ್ನೂ ಹೊಲಿದ ಗೆರೆಯಲ್ಲಿ ಮೆಟ್ಟಿಲಿನಂಥ ಜಿಗಿತ ಇರುತ್ತದೆ. ಎರಡರ ಸೊನ್ನೆ ಮಟ್ಟವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಈ ಪರೀಕ್ಷೆಯನ್ನು ಬಿಟ್ಟು ಮುಂದಿನದನ್ನು ಮಾಡಿದರೆ ಹೊತ್ತು ದಂಡ.

ಲಕ್ಷಣ: ಮಾದರಿ ಸಿಡಿಯುತ್ತದೆ, ಪರದೆಯ ತುಂಬ ನ್ಯಾನ್ (ಅಸಂಖ್ಯೆ)

ಕೂಡಲೇ ಟೈಮ್ ಸ್ಟೆಪ್ ಅನ್ನು, ಅಂದರೆ ಲೆಕ್ಕದ ಒಂದೊಂದು ಹೆಜ್ಜೆಯ ಕಾಲವನ್ನು, ಅರ್ಧಕ್ಕೆ ಇಳಿಸುವುದು ಎಲ್ಲರ ಚಾಳಿ. ಅದಕ್ಕಿಂತ ಮೊದಲು, ಅಸಂಖ್ಯೆ ಮೊಟ್ಟಮೊದಲು ಗ್ರಿಡ್‌ನ, ಅಂದರೆ ಕಡಲನ್ನು ಚೌಕಗಳಾಗಿ ಕತ್ತರಿಸಿದ ಜಾಲದ, ಯಾವ ಕೋಶದಲ್ಲಿ ಕಾಣಿಸಿತು ಎಂದು ಹುಡುಕಿ. ಅದು ಆಳವಾದ ಕಡೆಯೋ, ದಡದಲ್ಲೋ, ಎಲ್ಲೋ ಒಂದೇ ಕೋಶದಲ್ಲೋ ಎಂಬುದು ಅರ್ಧ ರೋಗವನ್ನು ಹೇಳಿಬಿಡುತ್ತದೆ.

ಆಳದಲ್ಲಿ ಸಿಡಿದರೆ ಸಿಎಫ್‌ಎಲ್ ಮಿತಿ, ಅಂದರೆ ಒಂದು ಹೆಜ್ಜೆಯ ಕಾಲದಲ್ಲಿ ಅಲೆ ಒಂದು ಕೋಶಕ್ಕಿಂತ ಹೆಚ್ಚು ದಾಟಬಾರದೆಂಬ ಮಿತಿ, ಮುರಿದಿದೆ. ಇಲ್ಲೊಂದು ಸೂಕ್ಷ್ಮವಿದೆ. ಮೂರು ಕೋನ-ಸೆಕೆಂಡಿನ ಗ್ರಿಡ್ ಎಂದರೆ ಉತ್ತರ-ದಕ್ಷಿಣವಾಗಿ ಸುಮಾರು 93 ಮೀಟರ್. ಆದರೆ ಮರ್ಮರಾ ಇರುವುದು 40.75 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಅಲ್ಲಿ ರೇಖಾಂಶಗಳು ಹತ್ತಿರವಾಗುವುದರಿಂದ ಪೂರ್ವ-ಪಶ್ಚಿಮದ ಅಗಲ 70 ಮೀಟರಿಗೆ ಇಳಿಯುತ್ತದೆ. ಈ ಕಡಲಿನ ಅತಿ ಹೆಚ್ಚಿನ ಆಳ ಸುಮಾರು 1,370 ಮೀಟರ್. ಅಲ್ಲಿ ಅಲೆಯ ವೇಗ ಸೆಕೆಂಡಿಗೆ 116 ಮೀಟರ್, ಎರಡು ದಿಕ್ಕಿಗೂ ಸೇರಿಸಿ ಎರಡರ ವರ್ಗಮೂಲದಿಂದ ಗುಣಿಸಿದರೆ 164. ಎಪ್ಪತ್ತನ್ನು ಅದರಿಂದ ಭಾಗಿಸಿದರೆ 0.43 ಸೆಕೆಂಡು. ತೊಂಬತ್ತಮೂರನ್ನು ಭಾಗಿಸಿದವರಿಗೆ 0.57 ಬರುತ್ತದೆ, ಅವರು ಧೈರ್ಯವಾಗಿ 0.5 ಇಡುತ್ತಾರೆ, ಮಾದರಿ ಚೆನ್ನಾಗಿ ಹೊರಟು ಅಲೆ ಆಳದ ತಗ್ಗಿಗೆ ಬಂದಾಗ ಒಡೆಯುತ್ತದೆ. ಕಲಬುರಗಿಯ ಅಕ್ಷಾಂಶ 17 ಡಿಗ್ರಿ ಚಿಲ್ಲರೆ. ಇಲ್ಲಿ ಅಭ್ಯಾಸಕ್ಕೆಂದು ಮಾಡಿದ ಗ್ರಿಡ್‌ಗಳಲ್ಲಿ ಈ ವ್ಯತ್ಯಾಸ ನಾಲ್ಕೈದು ಪ್ರತಿಶತವಷ್ಟೇ ಇದ್ದು ಯಾರಿಗೂ ನೋಯುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಈ ಹಳ್ಳಕ್ಕೆ ತಪ್ಪದೆ ಬೀಳುತ್ತಾರೆ.

ಎಲ್ಲೋ ಒಂದೇ ಕೋಶದಲ್ಲಿ ಸಿಡಿದರೆ ಖಾಲಿ ದತ್ತಾಂಶದ ಗುರುತು ಒಳಗೆ ನುಸುಳಿದೆ. ಋಣ 9999 ಅನ್ನು ತಂತ್ರಾಂಶ ಹತ್ತು ಕಿಲೋಮೀಟರ್ ಆಳದ ಬಾವಿ ಎಂದು ಓದುತ್ತದೆ. ಜಗತ್ತಿನ ಕಡಲತಳದ ಜೆಬ್ಕೋ ನಕ್ಷೆಯಲ್ಲಿ ಆಳ ಋಣಸಂಖ್ಯೆ. ಕೆಲವು ತಂತ್ರಾಂಶಗಳಿಗೆ ಆಳ ಧನಸಂಖ್ಯೆಯಾಗಿ ಬೇಕು. ಚಿಹ್ನೆ ತಿರುಗಿಸುವುದನ್ನು ಮರೆತರೆ ಇಸ್ತಾಂಬುಲ್ ಸಮುದ್ರವಾಗಿ, ಮರ್ಮರಾ ಬೆಟ್ಟವಾಗಿ ಕಾಣುತ್ತದೆ. ಇದು ನಕ್ಷೆ ಬಿಡಿಸಿದ ಕೂಡಲೇ ಗೊತ್ತಾಗುವ ತಪ್ಪು, ನಕ್ಷೆ ಬಿಡಿಸಿದವರಿಗೆ ಮಾತ್ರ.

ದಡದಲ್ಲಿ ಸಿಡಿದರೆ ಒದ್ದೆ-ಒಣ ಗಡಿಯ ಕನಿಷ್ಠ ಆಳವನ್ನು ನೋಡಿ. ಕಡಿದಾದ ದಡದಲ್ಲಿ ಮಿಲಿಮೀಟರ್ ದಪ್ಪದ ನೀರಿಗೆ ಅಸಾಧ್ಯ ವೇಗ ಬಂದಿರುತ್ತದೆ. ಮಿತಿಯನ್ನು ಒಂದು ಸೆಂಟಿಮೀಟರಿಗೆ ಏರಿಸಿದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಲಕ್ಷಣ: ಅಲೆ ಇಳಿಯುವುದೇ ಇಲ್ಲ

ಚಿಂಚೋಳಿ ಕಡೆಯ ವಿದ್ಯಾರ್ಥಿಯೊಬ್ಬಳು ಗ್ರಾಫ್ ಹಿಡಿದು ಬಂದು ಕೇಳಿದ್ದು ಹೀಗೆ: "ಮೇಡಂ, ಎಂಟು ಗಂಟೆಯಾದರೂ ನೀರು ಏರಿ ಇಳಿಯುತ್ತಲೇ ಇದೆ. ಘರ್ಷಣೆ ಹೆಚ್ಚಿಸಲೇ?"

ಬೇಡ. ಪರಾತದಲ್ಲಿ ನೀರು ತುಂಬಿ ಒಂದು ಬದಿಗೆ ತಟ್ಟಿದರೆ ಆಗುವುದೇ ಇಲ್ಲೂ ಆಗುತ್ತದೆ. ಮುಚ್ಚಿದ ಕಡಲು ತನ್ನದೇ ಲಯದಲ್ಲಿ ತೂಗುತ್ತದೆ, ಅದಕ್ಕೆ ಸೀಶ್ ಎನ್ನುತ್ತಾರೆ. ಪ್ರಶ್ನೆ ಇಷ್ಟೇ: ಗ್ರಾಫಿನಲ್ಲಿರುವುದು ಕಡಲಿನ ಲಯವೋ, ಗ್ರಿಡ್‌ನ ಲಯವೋ? ಮೆರಿಯನ್ ಸೂತ್ರ ಕೈಯಲ್ಲೇ ಇದೆ. ಕಡಲಿನ ಉದ್ದದ ಎರಡರಷ್ಟನ್ನು ಅಲೆಯ ವೇಗದಿಂದ ಭಾಗಿಸಿ. ಸರಾಸರಿ ಆಳ ಸುಮಾರು 500 ಮೀಟರ್ ಎಂದುಕೊಂಡರೆ ವೇಗ ಸೆಕೆಂಡಿಗೆ 70 ಮೀಟರ್. ಉದ್ದ 240 ಕಿಲೋಮೀಟರಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ, ಅಗಲ 70 ಕಿಲೋಮೀಟರಿಗೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಮರ್ಮರಾ ಆಯತಾಕಾರದ ತೊಟ್ಟಿಯಲ್ಲ. ತೆಕಿರ್ದಾಗ್, ಮಧ್ಯ, ಚಿನಾರ್ಜಿಕ್ ಎಂಬ ಮೂರು ಆಳದ ತಗ್ಗುಗಳು ಉತ್ತರಕ್ಕಿವೆ, ದಕ್ಷಿಣಕ್ಕೆ ಅಗಲವಾದ ಆಳವಿಲ್ಲದ ಹಾಸಿದೆ. ಆದ್ದರಿಂದ ಈ ಸಂಖ್ಯೆಗಳು ಸ್ಥೂಲ. ಆದರೂ ನಿಮ್ಮ ಗ್ರಾಫಿನಲ್ಲಿ ಎರಡು ನಿಮಿಷದ ಲಯವೇ ಮೆರೆಯುತ್ತಿದ್ದರೆ ಅದು ಇಡೀ ಕಡಲಿನದಲ್ಲ. ಯಾವುದೋ ಬಂದರಿನ ಲಯವಿರಬಹುದು ಅಥವಾ ಗ್ರಿಡ್‌ನ ಗಲಾಟೆ. ಕೋಶದ ಅಗಲವನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸಿ. ಲಯ ಬದಲಾದರೆ ಗ್ರಿಡ್ ತಪ್ಪಿತಸ್ಥ, ಬದಲಾಗದಿದ್ದರೆ ಬಂದರನ್ನು ನಂಬಿ.

ಜಲಸಂಧಿಗಳನ್ನು ನೋಡುವುದು ಇದರ ನಂತರ. ಬಾಸ್ಫರಸ್ ಅತಿ ಕಿರಿದಾದ ಕಡೆ ಸುಮಾರು 700 ಮೀಟರ್ ಅಗಲ. ಜೆಬ್ಕೋದ ಹದಿನೈದು ಸೆಕೆಂಡಿನ ಕೋಶ ಅಲ್ಲಿ ಪೂರ್ವ-ಪಶ್ಚಿಮವಾಗಿ 350 ಮೀಟರ್, ಉತ್ತರ-ದಕ್ಷಿಣವಾಗಿ 460. ಅಂದರೆ ಜಲಸಂಧಿಯ ಇಡೀ ಅಗಲಕ್ಕೆ ಅಲ್ಲಿ ಹೆಚ್ಚೆಂದರೆ ಎರಡು ಕೋಶ. ಅದೂ ನೇರವಾಗಿಲ್ಲ, ಅಂಕುಡೊಂಕು. ತಿರುವುಗಳಲ್ಲಿ ಎರಡು ನೀರಿನ ಕೋಶಗಳು ಮೂಲೆಗೆ ಮೂಲೆ ತಾಗಿ ನಿಂತಿರುತ್ತವೆ, ಬದಿಗೆ ಬದಿ ಸೇರಿರುವುದಿಲ್ಲ. ನಕ್ಷೆಯಲ್ಲಿ ನೀಲಿ ಗೆರೆ ಅಖಂಡವಾಗಿ ಕಾಣುತ್ತದೆ, ಆದರೆ ತಂತ್ರಾಂಶ ನೀರನ್ನು ಕೋಶದ ಬದಿಯ ಮೂಲಕವಷ್ಟೇ ದಾಟಿಸುತ್ತದೆ. ಜಲಸಂಧಿ ಸದ್ದಿಲ್ಲದೆ ಮುಚ್ಚಿಹೋಗಿದೆ. ಕಂಡುಹಿಡಿಯುವುದು ಸುಲಭ: ಕಪ್ಪು ಸಮುದ್ರದ ಕಡೆ ನೀರನ್ನು ಒಂದು ಮೀಟರ್ ಏರಿಸಿಟ್ಟು ಓಡಿಸಿ. ಜಲಸಂಧಿಯಲ್ಲಿ ಹರಿವು ಕಾಣದಿದ್ದರೆ ಕೋಶಗಳನ್ನು ಕೈಯಾರೆ ತೆರೆಯಿರಿ. ಹಾಗೆಂದು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ. ಮೊದಲ ಎರಡು ಮೂರು ಗಂಟೆಗಳಲ್ಲಿ ಇಷ್ಟು ಕಿರಿದಾದ ದಾರಿಯಿಂದ ಹೊರಹೋಗುವ ಶಕ್ತಿ ಅತ್ಯಲ್ಪ. ಎರಡೂ ಜಲಸಂಧಿಗಳನ್ನು ಗೋಡೆ ಎಂದುಕೊಂಡು ಕೆಲಸ ಆರಂಭಿಸಿದರೂ ನಾನು ಅಂಕ ಕಳೆಯುವುದಿಲ್ಲ, ಹಾಗೆ ಮಾಡಿದ್ದೇವೆ ಎಂದು ಬರೆದಿದ್ದರೆ.

ಕೊನೆಯಲ್ಲಿ ನೀರಿನ ಸರಾಸರಿ ಮಟ್ಟ ಸೊನ್ನೆಗೆ ಬರಲಿಲ್ಲ ಎಂದು ಹಲವರು ಗಾಬರಿಯಾಗುತ್ತಾರೆ. ತಳದ ಸಾವಿರ ಚದರ ಕಿಲೋಮೀಟರ್ ಪ್ರದೇಶ ಸರಾಸರಿ 30 ಸೆಂಟಿಮೀಟರ್ ಕುಸಿಯಿತು ಎನ್ನಿ. ಆ ಗಾತ್ರವನ್ನು ಇಡೀ ಮರ್ಮರಾಕ್ಕೆ ಹಂಚಿದರೆ ಮಟ್ಟ 2.6 ಸೆಂಟಿಮೀಟರ್ ಇಳಿಯಲೇಬೇಕು. ಇಳಿತ ಅಷ್ಟೇ ಇದ್ದು ಅಲ್ಲೇ ನಿಂತಿದ್ದರೆ ಲೆಕ್ಕ ಸರಿಯಿದೆ. ಗಂಟೆಗಂಟೆಗೂ ಬದಲಾಗುತ್ತಿದ್ದರೆ ಮಾತ್ರ ನೀರು ಎಲ್ಲೋ ಸೋರುತ್ತಿದೆ.

ಲಕ್ಷಣ: ಅಲೆ ತೀರಾ ಚಿಕ್ಕದು, ಇಲ್ಲವೇ ದಿಕ್ಕು ತಪ್ಪಿದೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿನ ತಪ್ಪುಗಳಿಗೆ ಮಾದರಿ ಸಿಡಿಯುವುದಿಲ್ಲ. ಅಂದವಾದ, ನಯವಾದ, ತಪ್ಪಾದ ಉತ್ತರ ಬರುತ್ತದೆ.

ಮೊದಲು ಭೂಕಂಪದ ಪರಿಮಾಣವನ್ನು (ಮ್ಯಾಗ್ನಿಟ್ಯೂಡ್) ಕಾಗದದ ಮೇಲೆ ಲೆಕ್ಕ ಹಾಕಿ. ಸ್ತರಭಂಗ, ಅಂದರೆ ಶಿಲೆ ಒಡೆದು ಜಾರಿದ ಬಿರುಕು, 70 ಕಿಲೋಮೀಟರ್ ಉದ್ದ, 15 ಕಿಲೋಮೀಟರ್ ಅಗಲ, ಜಾರಿದ್ದು 3 ಮೀಟರ್, ಶಿಲೆಯ ಬಿಗಿತ 30 ಗಿಗಾಪಾಸ್ಕಲ್ ಎಂದಿಟ್ಟರೆ ಪರಿಮಾಣ 7.25ರ ಹತ್ತಿರ ಬರಬೇಕು. 2.6 ಬಂದಿತೇ? ನ್ಯೂಟನ್-ಮೀಟರಿನ ಸಂಖ್ಯೆಯನ್ನು ಡೈನ್-ಸೆಂಟಿಮೀಟರಿನ ಸೂತ್ರಕ್ಕೆ ತುರುಕಿದ್ದೀರಿ. 11.9 ಬಂದಿತೇ? ಅದರ ಉಲ್ಟಾ. ಎರಡರಲ್ಲೂ ವ್ಯತ್ಯಾಸ ಸರಿಯಾಗಿ 4.67, ಅದೇ ಇದರ ಬೆರಳಚ್ಚು.

ಪರಿಮಾಣ ಸರಿಯಿದ್ದೂ ಅಲೆ ಚಿಕ್ಕದಿದ್ದರೆ ರೇಕ್ ಕೋನವನ್ನು, ಅಂದರೆ ಬಂಡೆ ಯಾವ ದಿಕ್ಕಿಗೆ ಜಾರಿತೆಂಬುದನ್ನು, ನೋಡಿ. ಮರ್ಮರಾದ ತಳದಲ್ಲಿ ಹಾಯುವ ಉತ್ತರ ಅನಟೋಲಿಯಾ ಸ್ತರಭಂಗ ಬಲಕ್ಕೆ ಸರಿಯುವಂಥದ್ದು, ಅಂದರೆ ರೇಕ್ 180ರ ಸುತ್ತಮುತ್ತ. ಎರಡು ಬಂಡೆಗಳು ಅಕ್ಕಪಕ್ಕಕ್ಕೆ ಉಜ್ಜಿಕೊಂಡು ಸರಿದರೆ ತಳ ಏರುವುದೂ ಇಳಿಯುವುದೂ ಕಡಿಮೆ. ಮೂರು ಮೀಟರ್ ಜಾರಿದರೂ ಲಂಬ ಚಲನೆ ಕೆಲವು ಹತ್ತು ಸೆಂಟಿಮೀಟರ್, ಅದೂ ಸ್ತರಭಂಗದ ತುದಿಗಳಲ್ಲಿ. ಹಾಗಾಗಿ ಚಿಕ್ಕ ಅಲೆಯೇ ಸರಿಯುತ್ತರವಾಗಿರಬಹುದು. ಆದರೆ ಮರ್ಮರಾದ ತಗ್ಗುಗಳ ಇಳಿಜಾರು ಕಡಿದಾಗಿದೆ. ಇಳಿಜಾರು ಅಡ್ಡಲಾಗಿ ಸರಿದರೂ ಮೇಲಿನ ನೀರು ಏರುತ್ತದೆ ಅಥವಾ ಇಳಿಯುತ್ತದೆ. ಸಂಶೋಧಕರಾದ ತನಿಯೊಕಾ ಮತ್ತು ಸತಾಕೆ 1996ರಲ್ಲಿ ತೋರಿಸಿಕೊಟ್ಟ ಈ ಅಂಶವನ್ನು, ಜಾರುವಿಕೆಯಿಂದ ತಳದ ಚಲನೆಯನ್ನು ಲೆಕ್ಕ ಹಾಕುವ ಒಕಾಡಾ ಸೂತ್ರದ ಲಂಬ ಚಲನೆಗೆ ನೀವೇ ಕೂಡಿಸಬೇಕು. ಹಲವು ತಂತ್ರಾಂಶಗಳು ತಾವಾಗಿ ಕೂಡಿಸುವುದಿಲ್ಲ.

ಆಳದ ಅರ್ಥವೂ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಒಕಾಡಾ 1985ರ ಮೂಲ ಲೆಕ್ಕದಲ್ಲಿ ಆಳವೆಂದರೆ ಸ್ತರಭಂಗದ ಕೆಳಅಂಚು. ಕೆಲವರು ಮೇಲಂಚನ್ನು ಕೇಳುತ್ತಾರೆ, ಕೆಲವರು ನಡುಬಿಂದುವನ್ನು. ಮೇಲಂಚು ಒಂದು ಕಿಲೋಮೀಟರ್ ಇರಬೇಕಾದಲ್ಲಿ ಹದಿನೈದಾದರೆ ತಳದ ಚಲನೆ ಸೊರಗಿ ಹರಡಿಹೋಗುತ್ತದೆ.

ಎಲ್ಲಕ್ಕಿಂತ ಕಪಟಿ ಎಂದರೆ ಸ್ಟ್ರೈಕ್ ಕೋನ, ಅಂದರೆ ಸ್ತರಭಂಗ ಹಾಯುವ ದಿಕ್ಕು. ಸ್ಟ್ರೈಕ್‌ನ ದಿಕ್ಕಿಗೆ ಮುಖಮಾಡಿ ನಿಂತರೆ ಸ್ತರಭಂಗ ನಿಮ್ಮ ಬಲಗಡೆಗೆ ಇಳಿಯಬೇಕು, ಇದು ಒಪ್ಪಿತ ನಿಯಮ. ಡಿಪ್, ಅಂದರೆ ಸ್ತರಭಂಗ ಇಳಿಯುವ ಕೋನ, 90 ಇದ್ದಾಗ 120 ಎಂದರೂ 300 ಎಂದರೂ ಫಲಿತಾಂಶ ಒಂದೇ, ಏಕೆಂದರೆ ನೆಟ್ಟಗಿರುವ ಗೋಡೆಗೆ ಎಡಬಲವಿಲ್ಲ. ಆ ಧೈರ್ಯದಲ್ಲಿ ಅದೇ ಕಡತವನ್ನು ಚಿನಾರ್ಜಿಕ್ ತಗ್ಗಿಗೆ ಬಳಸಿ ಡಿಪ್ ಅನ್ನು 70ಕ್ಕೆ ಇಳಿಸುತ್ತೀರಿ, ಕುಸಿತವನ್ನೂ ಸ್ವಲ್ಪ ಸೇರಿಸುತ್ತೀರಿ. ಆ ತಗ್ಗಿನ ಉತ್ತರ ಅಂಚಿನ ಸ್ತರಭಂಗ ದಕ್ಷಿಣಕ್ಕೆ ಇಳಿಯುತ್ತದೆ, ಕುಸಿಯಬೇಕಾದದ್ದು ದಕ್ಷಿಣದ ಬದಿಯ ಕಡಲತಳ. ಸ್ಟ್ರೈಕ್ 300 ಎಂದಿದ್ದರೆ ಇಳಿಯುವುದು ಉತ್ತರಕ್ಕೆ, ಕುಸಿಯುವುದು ಇಸ್ತಾಂಬುಲ್ ಕಡೆಯ ಹಾಸು. ಸುನಾಮಿ ಓಡಿಸುವ ಮೊದಲೇ ತಳದ ಚಲನೆಯ ನಕ್ಷೆಯೊಂದನ್ನೇ ಅಚ್ಚು ಹಾಕಿ ಗೋಡೆಗೆ ಅಂಟಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕುಸಿತದ ನೀಲಿ ಬಣ್ಣ ಎಲ್ಲಿದೆ ಎಂದು ಕಾಫಿ ಕುಡಿಯುತ್ತ ನೋಡಿದರೂ ಸಾಕು.

ಮಾದರಿಯ ಆರೋಗ್ಯಕ್ಕೆ ಅಗ್ನಿಪರೀಕ್ಷೆ 1999ರ ಆಗಸ್ಟ್ 17ರ ಇಜ್ಮಿತ್ ಭೂಕಂಪ. ಸ್ತರಭಂಗದ ಮಾಹಿತಿ ಧಾರಾಳವಾಗಿದೆ, ಇಜ್ಮಿತ್ ಕೊಲ್ಲಿಯ ದಡದಲ್ಲಿ ನೀರು ಎಷ್ಟು ಏರಿತೆಂಬ ಅಳತೆಗಳೂ ಇವೆ, ಸುಮಾರು ಎರಡೂವರೆ ಮೀಟರಿನವರೆಗೆ. ಇದನ್ನು ಹೊಂದಿಸದೆ 1509ರ ಇಸ್ತಾಂಬುಲ್ ಭೂಕಂಪಕ್ಕೆ ಹಾರುವವರನ್ನು ನಾನು ಒಪ್ಪುವುದಿಲ್ಲ. ಆದರೆ ದೆಯಿರ್ಮೆಂದೆರೆಯ ಅಳತೆಯನ್ನು ಬೇರೆ ಇಡಿ. ಅಲ್ಲಿ ದಡದ ಉದ್ಯಾನ, ಹೋಟೆಲು ಸಹಿತ ನೆಲವೇ ಕಡಲಿಗೆ ಜಾರಿಹೋಯಿತು. ಸ್ತರಭಂಗವೊಂದನ್ನೇ ಇಟ್ಟುಕೊಂಡ ಮಾದರಿ ಅಲ್ಲಿ ಸೋಲುತ್ತದೆ, ಸೋಲಬೇಕು.

ಲಕ್ಷಣ: ಕಡಲು ಸರಿ, ದಡ ಸರಿಯಿಲ್ಲ

ಐನೂರು ವರ್ಷದ ಹಿಂದಿನ ಅಲೆಯನ್ನು ಇಂದಿನ ದಡಕ್ಕೆ ಬಡಿಸುತ್ತಿದ್ದೀರಿ. ಇಸ್ತಾಂಬುಲ್‌ನ ಮರ್ಮರಾ ಕಡೆಯ ಕೋಟೆಗೋಡೆ 1509ರಲ್ಲಿ ನೀರಿನಂಚಿನಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಡಲನ್ನು ತುಂಬಿ ಅದರ ಮುಂದೆ ರಸ್ತೆ ಹಾಯಿಸಿದರು. ಯೆನಿಕಾಪಿಯಲ್ಲಿ ಈಗ ಕಡಲೊಳಗೆ ಚಾಚಿದ ದೊಡ್ಡ ಮೈದಾನವೇ ಇದೆ. ಅದೇ ಯೆನಿಕಾಪಿಯ ಒಳಭಾಗದಲ್ಲಿ ಹಿಂದೆ ಥಿಯೊಡೋಸಿಯಸ್ ಬಂದರಿತ್ತು. ಅದು ಹೂಳು ತುಂಬಿ ನೆಲವಾಗಿ, 2004ರ ನಂತರದ ಉತ್ಖನನದಲ್ಲಿ 37 ಹಡಗುಗಳ ಅವಶೇಷ ಸಿಕ್ಕಿತು. ಹೀಗೆ ದಡ ಎರಡೂ ದಿಕ್ಕಿಗೆ ಬದಲಾಗಿದೆ. ಉಪಗ್ರಹದ ಎತ್ತರದ ದತ್ತಾಂಶಕ್ಕೆ ಮನೆಯ ಛಾವಣಿಯೂ ಮರದ ತಲೆಯೂ ನೆಲವೇ. ತುಂಬಿದ ಭಾಗಗಳನ್ನು ಅಳಿಸಿ, ಗೋಡೆಯನ್ನು ಒಂದು ಕೋಶದ ತಡೆಯಾಗಿ ಇಟ್ಟು ಓಡಿಸಿ.

ಮರ್ಮರಾ ಬಿಟ್ಟು ಕ್ಯಾಸ್ಪಿಯನ್ ಸಮುದ್ರದ ಮಾದರಿ ಮಾಡುವವರು ಇನ್ನೊಂದನ್ನು ನೆನಪಿಡಿ. ಅದರ ಮಟ್ಟ ಸಾಗರಕ್ಕಿಂತ ಸುಮಾರು 28-29 ಮೀಟರ್ ಕೆಳಗೆ. ನೀರನ್ನು ಸೊನ್ನೆಗೆ ಇಟ್ಟರೆ ಭೂಕಂಪಕ್ಕೂ ಮೊದಲೇ ಬಾಕು ನಗರದ ತಗ್ಗು ಭಾಗ ಮುಳುಗಿರುತ್ತದೆ. ಆ ಮಟ್ಟವೂ ನಿಂತಲ್ಲಿ ನಿಲ್ಲುವುದಲ್ಲ, 1977ರಿಂದ 1995ರೊಳಗೆ ಸುಮಾರು ಎರಡೂವರೆ ಮೀಟರ್ ಏರಿತು. 1895ರ ಕ್ರಾಸ್ನೊವೊಡ್ಸ್ಕ್ ಭೂಕಂಪಕ್ಕೆ 1895ರ ಮಟ್ಟವೇ ಬೇಕು.

ಲಕ್ಷಣ: ಒಂದೇ ಭೂಕಂಪ ಪಟ್ಟಿಯಲ್ಲಿ ಎರಡು ಸಲ

ನಮ್ಮ ಭಾಗದ ಹುಡುಗರಿಗೆ ಇದನ್ನು ವಿವರಿಸುವುದು ಸುಲಭ. ಅಜ್ಜನ ಹೊಲದ ನಿಜಾಮರ ಕಾಲದ ಕಾಗದದಲ್ಲಿ ಫಸಲಿ ವರ್ಷ ಕಂಡವರು ಇವರು. ಫಸಲಿ 1357 ಎಂದರೆ 1947-48 ಎಂದು ಮನೆಯಲ್ಲೇ ಗೊತ್ತು. ಆಟೊಮನ್ ದಾಖಲೆಗಳಲ್ಲೂ ಇದೇ ಪಾಡು. 1894ರ ಇಸ್ತಾಂಬುಲ್ ಭೂಕಂಪ, ಜೂಲಿಯನ್ ತಿಂಗಳುಗಳನ್ನು ಅನುಸರಿಸುವ ಅವರ ರೂಮಿ ಪಂಚಾಂಗದಲ್ಲಿ 1310ರ ಜೂನ್ 28, ನಮ್ಮ ಲೆಕ್ಕದಲ್ಲಿ ಜುಲೈ 10. ಆ ಶತಮಾನದಲ್ಲಿ ಜೂಲಿಯನ್ ಮತ್ತು ಗ್ರೆಗೋರಿಯನ್ ನಡುವಿನ ಅಂತರ 12 ದಿನ. ಹಾಗಾಗಿ ಹನ್ನೆರಡು ದಿನದ ಅಂತರದಲ್ಲಿ ಎರಡು ಸುನಾಮಿ ಕಂಡರೆ ಖುಷಿಪಡಬೇಡಿ. ಇದರ ವಿರುದ್ಧದ ಬಲೆ 1766ರದು. ಮೇ 22ರಂದು ಒಂದು, ಆಗಸ್ಟ್ 5ರಂದು ಇನ್ನೊಂದು, ನಿಜಕ್ಕೂ ಎರಡು ದೊಡ್ಡ ಭೂಕಂಪಗಳು. ಇವುಗಳ ನಡುವೆ ಹಿಜರಿ ವರ್ಷ ಬದಲಾಗುತ್ತದೆ, ಮೊದಲನೆಯದು 1179, ಎರಡನೆಯದು 1180. ವರ್ಷವನ್ನಷ್ಟೇ ಇಸವಿಗೆ ಪರಿವರ್ತಿಸಿದರೆ ಎರಡೂ ಒಂದೇ ಸಾಲಿಗೆ ಕುಸಿಯಬಹುದು, ಮೇ ತಿಂಗಳ ಸ್ತರಭಂಗಕ್ಕೆ ಆಗಸ್ಟಿನ ಅಲೆ ಅಂಟಿಕೊಳ್ಳಬಹುದು.

ಯಂತ್ರದ ಕಡೆ ಒಂದು ಕಣ್ಣು

ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಉತ್ತರ ಬದಲಾಗದು, ತಡವಾಗುತ್ತದೆ ಅಷ್ಟೇ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅರ್ಧ ಬರೆದ ಕಡತದಿಂದ ಓಟ ಮುಂದುವರಿಸಬೇಡಿ. ಪುನರಾರಂಭದ ಕಡತವನ್ನು ಎರಡು ಪ್ರತಿಗಳಲ್ಲಿ ಸರದಿಯಂತೆ ಬರೆಸಿ. ಗ್ರಾಫಿನಲ್ಲಿ ಏಕಾಏಕಿ ಮೊಳೆಯಂಥ ಗೆರೆ ಎದ್ದಿದ್ದರೆ, ಆ ಹೊತ್ತಿಗೆ ಕರೆಂಟ್ ಹೋಗಿತ್ತೇ ಎಂದು ಮೊದಲು ವಿಚಾರಿಸಿ.

ಲಕ್ಷಣ: ಎಲ್ಲವೂ ಸರಿ, ಆದರೂ 1509 ಹೊಂದುವುದಿಲ್ಲ

1509ರ ಸೆಪ್ಟೆಂಬರ್ 10ರ ಭೂಕಂಪವನ್ನು ಜನ 'ಚಿಕ್ಕ ಪ್ರಳಯ' ಎಂದೇ ಕರೆದರು. ಇಸ್ತಾಂಬುಲ್ ಮತ್ತು ಗಲಾತಾದಲ್ಲಿ ಅಲೆ ಗೋಡೆ ದಾಟಿತೆಂಬ ವರದಿಗಳಿವೆ. ನಂತರದ ಪಟ್ಟಿಗಳಲ್ಲಿ ಆರು ಮೀಟರಿಗೂ ಹೆಚ್ಚು ಎತ್ತರ ಎಂದು ಬರೆದಿರುತ್ತದೆ. ನಿಮ್ಮ ಮಾದರಿಯಲ್ಲಿ ಒಂದು ಮೀಟರ್ ಕೂಡ ಇಲ್ಲ. ಜಾರುವಿಕೆಯನ್ನು 20 ಮೀಟರಿಗೆ ಏರಿಸಿದರೆ ಹೊಂದುತ್ತದೆ, ಹಾಗೆ ಏರಿಸಿ ತಂದ ವರದಿಗಳು ನನ್ನ ಮೇಜಿನ ಮೇಲೆ ಬೇಕಷ್ಟಿವೆ.

ಅದು ಆಗದ ಮಾತು. ಈ ಸ್ತರಭಂಗದ ಎರಡು ಬದಿಗಳು ವರ್ಷಕ್ಕೆ ಸುಮಾರು 20ರಿಂದ 25 ಮಿಲಿಮೀಟರ್ ಸರಿಯುತ್ತವೆ. 1509ರಿಂದ 1766ಕ್ಕೆ 257 ವರ್ಷ, ಕೂಡಿಬಂದ ಬಾಕಿ ಐದಾರು ಮೀಟರ್. ಇಪ್ಪತ್ತು ಮೀಟರ್ ಕೂಡಿಡಲು ಎಂಟುನೂರರಿಂದ ಸಾವಿರ ವರ್ಷ ಬೇಕು. ಇತಿಹಾಸದಲ್ಲಿ ಇಷ್ಟೊಂದು ಭೂಕಂಪಗಳಾಗಿರುವ ಕಡಲಿನಲ್ಲಿ ಅಂಥ ಬಾಕಿ ಉಳಿಯಲು ಎಡೆಯೇ ಇಲ್ಲ.

ಹಾಗಾದರೆ ಎರಡು ದಾರಿ. ಒಂದು, ವರದಿಯನ್ನೇ ಬಿಗಿಯಾಗಿ ಓದುವುದು. ಗೋಡೆಗೆ ಬಡಿದ ಅಲೆ ಮೇಲಕ್ಕೆ ಚಿಮ್ಮಿ ಆಚೆ ಬೀಳುವುದಕ್ಕೂ, ಗೋಡೆಯೆತ್ತರದ ನೀರು ನಿಂತು ಹರಿಯುವುದಕ್ಕೂ ಅಜಗಜಾಂತರ. ನಿಮ್ಮ ಸಮೀಕರಣಕ್ಕೆ ಚಿಮ್ಮುವುದು ಗೊತ್ತಿಲ್ಲ. ಇನ್ನೊಂದು, ನೀರಿನಡಿಯ ಭೂಕುಸಿತ. ಮರ್ಮರಾದ ಇಳಿಜಾರುಗಳಲ್ಲಿ ತುಜ್ಲಾದಂಥ ಹಳೆಯ ಕುಸಿತಗಳ ಗಾಯದ ಗುರುತುಗಳಿವೆ. ಕುಸಿತವನ್ನು ಸೇರಿಸುವಾಗ ಕ್ಷಣಮಾತ್ರದಲ್ಲಿ ತಳ ಬದಲಾಯಿತು ಎಂದು ಇಡಬೇಡಿ, ಅದು ನಿಮಿಷಗಳ ಕಾಲ ಜಾರುತ್ತದೆ. ಅಲೆಯೂ ಗಿಡ್ಡ, ಬೇರೆ ಬೇರೆ ಉದ್ದದ ಅಲೆಗಳು ಬೇರೆ ಬೇರೆ ವೇಗದಲ್ಲಿ ಚದುರುತ್ತವೆ. ಆಳವಿಲ್ಲದ ನೀರಿನ ಸಮೀಕರಣ ಈ ಚದುರುವಿಕೆಯನ್ನು ಕಾಣದೆ ಎತ್ತರವನ್ನು ಹಿಗ್ಗಿಸುತ್ತದೆ. ಆ ಭಾಗಕ್ಕೆ ಚದುರುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ, ಫನ್‌ವೇವ್‌ನಂಥ ಬೂಸಿನೆಸ್ಕ್ ತಂತ್ರಾಂಶ ಬೇಕು.

ಕುಸಿತದ ಜಾಗ, ಗಾತ್ರಗಳನ್ನು ಬದಲಿಸುತ್ತ ಹೋದರೆ ಆರು ಮೀಟರ್ ಎಂದಾದರೊಂದು ದಿನ ಬಂದೇ ಬರುತ್ತದೆ. ಅದನ್ನು 1509ರ ಪುರಾವೆ ಎಂದು ಬರೆಯುವಂತಿಲ್ಲ. ಸ್ತರಭಂಗವೊಂದರ ಓಟದ ಫಲಿತಾಂಶವನ್ನೂ ಕುಸಿತ ಸೇರಿಸಿದ ಓಟದ ಫಲಿತಾಂಶವನ್ನೂ ಬೇರೆ ಬೇರೆ ಕೋಷ್ಟಕದಲ್ಲಿ ಕೊಡಿ, ಕುಸಿತದ ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಅದು ಅಳತೆಯೋ ಊಹೆಯೋ ಎಂದು ನಮೂದಿಸಿ.